ನೆಗೆಣ್ಣಿಯ ಗಿಡ

ನಿಜಾಮರ ಆಡಳಿತ ಹೋದ ಮರುವರ್ಷ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮಸ್ಕಿಯ ತವರಿನಿಂದ ಲಿಂಗಸುಗೂರಿನ ನಮ್ಮ ಮನೆಗೆ ಪಿಂಗಾಣಿ ಬಟ್ಟಲಲ್ಲಿ ಒಂದು ಗಿಡ ತಂದಳು. ಗುಡ್ಡದ ಜೌಗಿನಲ್ಲಿ ಬೆಳೆಯುವ ಗೇಣುದ್ದದ ಕೆಂಪು ಗಿಡ. ಅದರ ಎಲೆಯ ಅಂಟುಹನಿಗೆ ಸಿಕ್ಕ ನೊಣ ಅಲ್ಲೇ ಕರಗಿಹೋಗುತ್ತಿತ್ತು. ಅಡುಗೆಮನೆಯ ಕಿಟಕಿಯಲ್ಲಿಟ್ಟು ಮಳೆನೀರನ್ನಷ್ಟೇ ಹಾಕುತ್ತಿದ್ದಳು. ನಮ್ಮ ಬಾವಿಯ ಸವುಳು ನೀರು ಅದಕ್ಕೆ ಆಗುವುದಿಲ್ಲವಂತೆ. ಏಳು ವರ್ಷ ಅದೇ ನೀರು ಸೇದಿದವಳು ನಾನು. ಅತ್ತೆ ಬಂದವರಿಗೆಲ್ಲ ಗಿಡ ತೋರಿಸುತ್ತಿದ್ದರು. ನನ್ನ ರೊಟ್ಟಿಯನ್ನು ಒಂದು ದಿನವೂ ಹೊಗಳಿದವರಲ್ಲ. ಹೊಟ್ಟೆ ಉರಿಯಿತು.

ಅದನ್ನು ಉಪವಾಸ ಕೆಡವಿ ಸಾಯಿಸಬೇಕೆಂದು ನಿರ್ಧರಿಸಿದೆ. ಹಳೆಯ ವಸ್ತ್ರ ಹಿಡಿದು ಬೆಳಗಿನಿಂದ ಸಂಜೆಯವರೆಗೆ ನೊಣ ಹೊಡೆದೆ. ಬೆಲ್ಲದ ಗಡಿಗೆಗೆ ಬಟ್ಟೆ ಕಟ್ಟಿದೆ, ಮುಸುರೆ ಪಾತ್ರೆಗಳನ್ನು ಆಗಿಂದಾಗಲೇ ತೊಳೆದಿಟ್ಟೆ. ತಿಂಗಳಾದರೂ ಗಿಡ ಒಣಗಲಿಲ್ಲ. ಸಾಲದ್ದಕ್ಕೆ ಹೂವನ್ನೂ ಬಿಟ್ಟಿತು.

ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು: "ಸಣ್ಣ ಸೊಸಿ ಆ ಗಿಡಾ ತಂದಾಗಿಂದ ನಮ್ಮ ಅಡಗಿಮನ್ಯಾಗ ಒಂದು ನೊಣಾ ಇಲ್ಲ ನೋಡವಾ. ಎಲ್ಲಾ ಅದ ತಿಂದು ಹಾಕೇತಿ."

ನಾನು ಬಾಗಿಲ ಮರೆಯಲ್ಲೇ ನಿಂತಿದ್ದೆ. ನೊಣ ಹೊಡೆಯುವ ವಸ್ತ್ರ ಇನ್ನೂ ಕೈಯಲ್ಲಿತ್ತು.