ಜಾಮೀನುದಾರ ಜಡೆಪ್ಪ ಮತ್ತು ಖಾಕಿ ಅಂಗಿಯವನು

ಹದಿನೆಂಟು ವರ್ಷ ಬಸ್ಸಿನ ಕಂಡಕ್ಟರಾಗಿ ಸೀಟಿ ಊದಿದ ಜಡೆಪ್ಪನ ಸ್ವಂತ ಊರಿಗೆ ಬೆಳಗಿನ ಬಸ್ಸಿಲ್ಲ. ಕಂಪ್ಲಿಯಿಂದ ಇನ್ನೂ ಒಳಗಿರುವ ಆ ಊರಿಗೆ ಮೊದಲ ಬಸ್ಸು ಬರುವುದೇ ಹತ್ತು ಗಂಟೆಗೆ. ಊರವರು ಇದಕ್ಕೇ ಅವನನ್ನು ಆಡಿಕೊಂಡು ನಗುತ್ತಿದ್ದರು, ಅವರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ನಗು ನಿಂತದ್ದು ಮಗಳು ಸುಧಾರಾಣಿಗೆ ಹೊಸಪೇಟೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಾಗ. ಕ್ಲಾಸು ಎಂಟಕ್ಕೇ ಶುರು. ಅಲ್ಲೇ ಒಂದು ರೂಮು ಹಿಡಿಯದೆ ಗತಿಯಿರಲಿಲ್ಲ.

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೋದಾಬಾಯಿ ಎಂಬ ವಯಸ್ಸಾದ ಹೆಣ್ಣುಮಗಳು ಮಹಡಿಯ ಮೇಲೆ ತಾವಿದ್ದು, ಕೆಳಗಿನ ಕೋಣೆಗಳನ್ನು ಓದುವ ಹುಡುಗಿಯರಿಗೆ ಬಾಡಿಗೆ ಕೊಡುತ್ತಿದ್ದರು. ಜಡೆಪ್ಪ ಅವರನ್ನು ನೋಡಲು ಹೋದದ್ದು ಸಾಮಾನ್ಯ ವೇಷದಲ್ಲಲ್ಲ. ಮದುವೆಗೆಂದು ಎತ್ತಿಟ್ಟ ಬಿಳಿ ಪಂಚೆ, ರೇಷ್ಮೆ ಅಂಗಿ, ಹುಬ್ಬು ಮುಚ್ಚುವ ಹಾಗೆ ತಲೆಗೆ ಸುತ್ತಿದ ಪಟಗ. ಜಾಮೀನು ಹಾಕುವವನು ನೋಡಲು ದೊಡ್ಡ ಮನುಷ್ಯನ ಹಾಗಿರಬೇಕು ಎಂಬುದು ಅವನ ಲೆಕ್ಕ.

“ತಂದಿ ತಾಯಿ ಯಾರರೆ ಒಬ್ರು ಜಾಮೀನು ಸೈ ಹಾಕ್ಬೇಕ್ರಿ,” ಎಂದರು ಗೋದಾಬಾಯಿ. “ಹುಡುಗಿ ರಾತ್ರಿ ಎಂಟರೊಳಗ ಗೇಟಿನ ಒಳಗಿರಬೇಕು. ಮೂರು ಸಲ ತಪ್ಪಿದ್ರ ರೂಮು ಖಾಲಿ.”

“ಒಂದ್ಯಾಕ್ರಿ ಅಮ್ಮಾರೆ, ಹತ್ತು ಸೈ ಹಾಕ್ತೀನಿ ತಗೊಳ್ರಿ,” ಎಂದು ಜಡೆಪ್ಪ ಕಾಗದದ ತುಂಬ ಸೈ ಎಳೆದ.

ಎರಡನೆಯ ವರ್ಷ ಸುಧಾಳಿಗೆ ಸೋಮವಾರ, ಬುಧವಾರ, ಶುಕ್ರವಾರ ಸಂಡೂರಿನ ಆಸ್ಪತ್ರೆಯೊಂದರಲ್ಲಿ ತರಬೇತಿ ಬಂತು. ಆ ಮೂರೂ ದಿನ ಸಂಡೂರಿನಿಂದ ಆರೂವರೆಗೆ ಹೊರಡುವ ಬಸ್ಸಿಗೆ ಜಡೆಪ್ಪನೇ ಕಂಡಕ್ಟರ್. ದೇವರೇ ಹೊಂದಿಸಿಕೊಟ್ಟ ಎಂದು ಅವನು ಕೈಮುಗಿದ. “ಬ್ಯಾರೆ ಬಸ್ಸು ಹತ್ತಬ್ಯಾಡ. ಎಂಥೆಂಥಾವ್ರು ಇರ್ತಾರೋ ಏನೋ,” ಎಂದು ಮಗಳಿಗೆ ಕಟ್ಟಪ್ಪಣೆ ಮಾಡಿದ. ಹತ್ತಿದ ಮಗಳಿಗೂ “ಆಧಾರ್ ತೋರ್ಸವಾ” ಎಂದು ಕೇಳಿಯೇ ಹೆಂಗಸರ ಉಚಿತ ಟಿಕೆಟು ಹರಿಯುವಷ್ಟು ನಿಯತ್ತಿನ ಮನುಷ್ಯ ಅವನು.

ಆದರೆ ಆ ಬಸ್ಸು ಹೊತ್ತಿಗೆ ಸರಿಯಾಗಿ ಮುಟ್ಟಿದ್ದನ್ನು ಕಂಡವರಿಲ್ಲ. ಅದಿರಿನ ಲಾರಿಗಳ ಸಾಲು ಒಂದು ಕಾರಣ, ಜಡೆಪ್ಪ ಇನ್ನೊಂದು. ದಾರಿಯಲ್ಲಿ ಯಾರು ಕೈ ಅಡ್ಡ ಹಿಡಿದರೂ ಅವನ ಸೀಟಿ ತಾನೇ ಊದಿಕೊಳ್ಳುತ್ತಿತ್ತು. ಬುತ್ತಿ ಗಂಟು ಮರೆತ ಮುದುಕಿ ಮನೆಗೆ ಹೋಗಿ ಬರುವ ತನಕ ಬಸ್ಸು ನಿಲ್ಲಿಸಿದ್ದೂ ಉಂಟು. ಹೊಸಪೇಟೆ ಮುಟ್ಟುವಾಗ ಎಂಟು ದಾಟಿರುತ್ತಿತ್ತು. ಮಗಳನ್ನು ಓಣಿಯ ಗೇಟಿನ ತನಕ ನಡೆಸಿಕೊಂಡು ಹೋಗಿ, ಬಸ್ಸು ಮತ್ತೆ ಹೊರಡಬೇಕಲ್ಲ ಎಂದು ವಾಪಸು ಓಡುತ್ತಿದ್ದ.

“ಅಪ್ಪ, ತಡ ಆತು,” ಎಂದು ಅವಳು ಹೇಳಿದರೆ, “ನಾ ಅದೀನಲ್ಲ!” ಎನ್ನುತ್ತಿದ್ದ. ಸೈ ಹಾಕಿದ ಜಡೆಪ್ಪ ಒಬ್ಬ, ಬಸ್ಸು ತಡ ಮಾಡುವ ಜಡೆಪ್ಪ ಇನ್ನೊಬ್ಬ. ಇಬ್ಬರಿಗೂ ಒಬ್ಬರಿಗೊಬ್ಬರ ಪರಿಚಯವೇ ಇದ್ದಂತಿರಲಿಲ್ಲ.

ತರಬೇತಿಯ ಮೊದಲ ವಾರದ ಶನಿವಾರ ಬೆಳಿಗ್ಗೆ ಡಿಪೋದಲ್ಲಿದ್ದಾಗ ಗೋದಾಬಾಯಿಯವರ ಫೋನು ಬಂತು.

“ನಿಮ್ಮ ಮಗಳು ಈ ವಾರ ಮೂರು ಸಲ ತಡ ಮಾಡ್ಯಾಳ್ರಿ. ಅದಿರ್ಲಿ. ಖಾಕಿ ಅಂಗಿಯವ ಯಾವನೋ ಗೇಟಿನ ತನಕ ಬಂದು ಬಿಟ್ಟು ಓಡಿ ಹೋಗ್ತಾನ. ಮ್ಯಾಲಿನ ಕಿಟಕಿಯಿಂದ ನೋಡೀನಿ. ಜಾಮೀನು ಹಾಕಿದವ್ರು ನೀವು, ಅದಕ್ಕ ಮೊದ್ಲು ನಿಮಗ ಕೇಳ್ಲಿಕ್ಕೆ ಹತ್ತೀನಿ. ಯಾರವ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಜಡೆಪ್ಪನ ಹೆಗಲ ಮೇಲೆ ಕುಂಬಳಕಾಯಿಯೇ ಇತ್ತು, ಪುಣ್ಯಾತ್ಮ ಮುಟ್ಟಿ ನೋಡಿಕೊಳ್ಳಲಿಲ್ಲ. ಆಟೋದವನೋ, ಹೋಂಗಾರ್ಡೋ, ಆಸ್ಪತ್ರೆಯ ವಾಚ್‌ಮನ್ನೋ ಎಂದು ಹೊಸಪೇಟೆಯ ಖಾಕಿಯನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದ, ತನ್ನದೊಂದನ್ನು ಬಿಟ್ಟು. ಮೈಯೆಲ್ಲ ಬೆಂಕಿಯಾಯಿತು. ಮಗಳಿಗೆ ಫೋನು ಹಚ್ಚಿದ.

“ಯಾರಲೇ ಅವ? ಓದಾಕ ಕಳ್ಸಿದ್ರ ಇದನ್ನ ಕಲ್ತಿಯೇನು? ಗಂಟು ಕಟ್ಟು. ಕಾಲೇಜು ಸಾಕು. ಇವತ್ತೇ ಊರಿಗೆ ನಡಿ!”

ಸುಧಾ ನಡುವೆ ಬಾಯಿ ಹಾಕಲಿಲ್ಲ. ಅವನ ಉಸಿರು ಮುಗಿದ ಮೇಲೆ, “ಅಪ್ಪ, ನಿನ್ನೆ ಎಂಟೂಕಾಲಿಗೆ ನನ್ನ ಗೇಟಿಗೆ ಬಿಟ್ಟಾವ ಯಾರು?” ಎಂದಳು.

ಜಡೆಪ್ಪ ತನ್ನ ಅಂಗಿಯನ್ನು ನೋಡಿಕೊಂಡ. ಫೋನು ಅಷ್ಟರಲ್ಲಿ ಕಟ್ಟಾಗಿತ್ತು.

ಡ್ಯೂಟಿ ಮುಗಿಸಿ ಅದೇ ಖಾಕಿಯಲ್ಲೇ ಗೋದಾಬಾಯಿಯವರ ಮುಂದೆ ಹೋಗಿ ನಿಂತ. “ಆ ಯಾವನೋ ನಾನ್ರೀ ಅಮ್ಮಾರೆ. ತಡ ಮಾಡಿದ್ದೂ ನಾನಽ. ಹುಡುಗೀದು ಏನೂ ತಪ್ಪಿಲ್ಲ. ರೂಮು ಬಿಡಿಸಬ್ಯಾಡ್ರಿ.”

ಅವರು ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. “ಅಲ್ರೀ, ಅವತ್ತು ಅಷ್ಟು ದೊಡ್ಡ ಪಟಗ ಸುತ್ಕೊಂಡು ಬಂದ್ರಿ. ಅದರ ಕೆಳಗ ನಿಮ್ಮ ಮಾರಿ ನನಗೆಲ್ಲಿ ಕಾಣ್ಬೇಕು?” ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತರಬೇತಿಯ ದಿನಗಳಿಗೆ ಗೇಟಿನ ಹೊತ್ತನ್ನು ಒಂಬತ್ತು ಮಾಡಿದರು. ಜಡೆಪ್ಪನೂ ನಕ್ಕ. ತನ್ನ ದಡ್ಡತನವನ್ನು ಡಿಪೋದಲ್ಲಿ ಹೇಗೆ ಬಣ್ಣ ಕಟ್ಟಿ ಹೇಳಬೇಕೆಂದು ಆಗಲೇ ಯೋಚಿಸುತ್ತ ಹೊರಗೆ ಬಂದ.

ಸುಧಾ ಗೇಟಿನ ತನಕ ಬಂದಳು. “ಎಲ್ಲಾ ಸುಸೂತ್ರ ಆತಲ್ಲವಾ,” ಎಂದ. ಅವಳು ನಗಲಿಲ್ಲ.

“ಅಮ್ಮಾರಿಗೆ ನಾ ಏನೂ ಆಗ್ಬೇಕಿಲ್ಲಪ್ಪ. ಆದ್ರೂ ಅವ್ರು ‘ಯಾರವ’ ಅಂತ ಕೇಳಿ, ಜವಾಬಿಗೆ ಕಾದ್ರು. ನೀ ಕಾಯ್ಲೇ ಇಲ್ಲ.”

ಸಾವಿರ ಮಂದಿಯ ಜಗಳ ಬಾಯಲ್ಲೇ ಬಗೆಹರಿಸುವ ಜಡೆಪ್ಪ ನಾಚಿಕೆಯಿಂದ ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದ.

ಸೋಮವಾರ ಸಂಡೂರಿನಲ್ಲಿ ಆರೂವರೆ ದಾಟಿದರೂ ಅವಳಿಗಾಗಿ ಬಸ್ಸು ನಿಲ್ಲಿಸಿಕೊಂಡು ನಿಂತ. ಡ್ರೈವರ್ ಹಾರ್ನ್ ಬಾರಿಸಿದ. ಮಂದಿ ಗೊಣಗಿದರು. ಕೊನೆಗೆ ಫೋನು ಮಾಡಿದ.

“ನಾ ಆರರ ಬಸ್ಸಿನಾಗ ಹೊಂಟೀನಪ್ಪ. ನೀ ಬಸ್ಸು ಬಿಡು,” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಜಡೆಪ್ಪನಿಗೆ.