ತಪ್ಪಾತು ಅನ್ನಲು ಒಂದು ಬ್ಲಾಗು

ಬ್ಲಾಗು, ಲಿಂಕು, ಅಪ್‌ಲೋಡು ಎಂದು ಪಾಠ ಹೇಳಿದ ವಿಜಯಪುರದ ಆ ಟೈಪಿಂಗ್ ಅಂಗಡಿಯವನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹೇಳಲೇಬೇಕಾದ ಒಂದು ಪದವನ್ನು ನುಂಗಿಕೊಂಡು ಉಳಿದದ್ದನ್ನೆಲ್ಲ ಹೇಳಿದ ಪುಣ್ಯಾತ್ಮ.

ಮದುವೆಯೊಂದರಲ್ಲಿ ನನ್ನವ್ವ ತನ್ನ ಸ್ವಂತ ಅಕ್ಕನಿಗೆ, ಬಬಲೇಶ್ವರದ ನಮ್ಮ ದೊಡ್ಡವ್ವನಿಗೆ, ಆಯೇರಿ ಉಡುಗೊರೆಗೆ ಹಳೇ ಸೀರೆ ತಂದಿದ್ದೀ ಎಂದು ಬೀಗರೆದುರೇ ಅಂದುಬಿಟ್ಟಿದ್ದಳು. ಸೀರೆ ಹೊಸದೇ ಆಗಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ನಮ್ಮೂರು ತಿಕೋಟಾದಿಂದ ಬಬಲೇಶ್ವರ ಏನು ಕಾಶಿಯೇ? ಬಸ್ಸು ಹತ್ತಿ ಹೋಗಿ ಬಾ ಎಂದರೆ ಅವ್ವ ಒಪ್ಪಲಿಲ್ಲ.

"ಮಂದಿ ಮುಂದ ಅಂದೇನಿ. ಮಂದಿ ಮುಂದನ ತಪ್ಪಾತು ಅನಬೇಕು," ಎಂದಳು.

ನಮ್ಮ ಕಡೆಯ ರೀತಿ ಅದು. ಬಳಗವನ್ನೆಲ್ಲ ಕೂಡಿಸುವುದು ಆಗದ ಮಾತು. ಎಲ್ಲರ ಕೈಯಲ್ಲೂ ಮೊಬೈಲಿದೆಯಲ್ಲ, ಬ್ಲಾಗಿನಲ್ಲಿ ಹಾಕೋಣ ಎಂದೆ ನಾನು.

ಅವ್ವ ಹೇಳಿದಳು, ನಾನು ಬರೆದುಕೊಂಡೆ: ಮಮದಾಪುರದ ಕೆರೆ ದಂಡೆಯಲ್ಲಿ ಅಕ್ಕ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದು, ಕೊನೆಗೆ ತಪ್ಪು ತನ್ನದೇ ಎಂಬುದು. ಅಂಗಡಿಯವ ಟೈಪ್ ಮಾಡಿದ. ಬ್ಲಾಗೆಂದರೆ ನಿಮ್ಮ ಬರಹದ ಮನೆ, ಲಿಂಕೆಂದರೆ ಅದರ ವಿಳಾಸ, ಅಪ್‌ಲೋಡ್ ಎಂದರೆ ಅಲ್ಲಿಗೆ ಏರಿಸುವುದು ಎಂದು ಕೂಸಿಗೆ ಹೇಳಿದಂತೆ ಹೇಳಿ, ಏರಿಸಿಯೂ ಕೊಟ್ಟ. ಅವನ ಕಂಪ್ಯೂಟರಿನಲ್ಲಿ ಅಕ್ಷರ ಮುತ್ತಿನಂತೆ ಕಂಡವು. ಮೊದಲು ದೊಡ್ಡವ್ವನೇ ಓದಲೆಂದು ಆಕೆಗೊಬ್ಬಳಿಗೇ ಲಿಂಕ್ ಕಳಿಸಿ, ಅವ್ವ ತಪ್ಪಾತು ಅಂದಾಳ, ಓದು ಎಂದು ಬರೆದೆ.

ಸಂಜೆ ದೊಡ್ಡವ್ವನ ಫೋನು ಬಂತು.

"ಬೈಯುವಾಗ ನಿಮ್ಮವ್ವಗ ಕನ್ನಡ ಬಂದಿತ್ತಲ್ಲ. ತಪ್ಪಾತು ಅನ್ನಾಕ ಇಂಗ್ಲಿಷ್ ಬೇಕಾತೇನು?"

ಇಟ್ಟೇಬಿಟ್ಟಳು. ನನ್ನ ಮೊಬೈಲಿನಲ್ಲಿ ತೆರೆದು ನೋಡಿದರೆ ಇಂಗ್ಲಿಷೂ ಅಲ್ಲ, ಮಣ್ಣೂ ಅಲ್ಲ. ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ.

ಮರುದಿನ ಅಂಗಡಿಗೆ ನುಗ್ಗಿದೆ. ಅವನು ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನಂತೆ. ಆ ಫಾಂಟಿರುವ ಕಂಪ್ಯೂಟರಿನಲ್ಲಷ್ಟೇ ಅದು ಕನ್ನಡ. ಎಲ್ಲರ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣಬೇಕಾದರೆ ಯೂನಿಕೋಡ್ ಇರಬೇಕಂತೆ.

"ಯೂನಿಕೋಡ್ ಬೇಕಂತ ನೀವ ಹೇಳಲಿಲ್ಲಲ್ರಿ," ಎಂದ.

ಎಲಾ ಇವನ! ಅದು ಗೊತ್ತಿದ್ದರೆ ನಿನ್ನ ಬಾಗಿಲಿಗೆ ಯಾಕೆ ಬರುತ್ತಿದ್ದೆ ಎಂದು ಅಂಗಡಿ ತುಂಬ ಕೂಗಾಡಿದೆ. ಅವನು ಒಂದು ಗುಂಡಿ ಒತ್ತಿ ಎಲ್ಲ ಸರಿ ಮಾಡಿಕೊಟ್ಟ. ಇಷ್ಟೇ ಕೆಲಸವೆಂದು ತಿಳಿದು ನನ್ನ ಸಿಟ್ಟು ಇನ್ನೂ ನೆತ್ತಿಗೇರಿತು.

ಬಳಗಕ್ಕೆಲ್ಲ ಕಳಿಸಿದೆ. ಓದಿದವರು ಕಣ್ಣೀರು ಬಂತೆಂದು ಅವ್ವನಿಗೆ ಫೋನ್ ಮಾಡಿದರು. ದೊಡ್ಡವ್ವ ಮಾತ್ರ ನಮ್ಮ ಫೋನು ಎತ್ತಲಿಲ್ಲ. ಬಿಜ್ಜರಗಿಯ ಅತ್ತೆ ಆಕೆಯ ಮನೆಗೇ ಹೋಗಿ, ಅದು ಕನ್ನಡದಲ್ಲೇ ಇದೆ, ತೆರೆದು ನೋಡು ಎಂದಳಂತೆ. ದೊಡ್ಡವ್ವ ಮೊಬೈಲು ಮುಟ್ಟಲಿಲ್ಲವಂತೆ.

"ಮಂದಿಗೆಲ್ಲ ಕನ್ನಡದಾಗ ಕಳಿಸ್ಯಾಳ," ಎಂದಳಂತೆ. "ನನಗಷ್ಟ ಇಂಗ್ಲಿಷಿನ್ಯಾಗ."