ಸಡಿಲ ಕೇಳಿದ ಗಿರಾಕಿ

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಜುಟ್ಟಮ್ಮ. ವಿಗ್ ಮಾಡುವವಳಿಗೆ ಇನ್ನೇನು ಹೆಸರಿಡುತ್ತಾರೆ? ಅವಳಿಗೆ ಅದರ ಬಗ್ಗೆ ಸಿಟ್ಟಿಲ್ಲ, ಸಿಟ್ಟೆಲ್ಲ ನನಗೆ. ನಾನೂ ಅವಳ ಅಂಗಡಿ ಸೇರಿ ಬಹಳ ವರ್ಷವಾಯಿತು. ನಾಳೆ ಯಾರಾದರೂ ನನ್ನನ್ನು ಮರಿಜುಟ್ಟಮ್ಮ ಅಂದರೆ ಅವರ ಜನ್ಮ ಜಾಲಾಡಿಬಿಡುತ್ತೇನೆ.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಉದ್ದನೆಯ ಕೋಣೆ. ಗೋಡೆಗೆ ಹಲಗೆ, ಹಲಗೆಯ ಮೇಲೆ ಕಣ್ಣು ಮೂಗಿಲ್ಲದ ಮರದ ತಲೆಗಳು. ಚಿಕ್ಕಮ್ಮ ಕಿಟಕಿಯ ಬಳಿ ಕೂತು, ತೆಳ್ಳನೆಯ ಬಲೆಯ ಟೋಪಿಗೆ ಸಣ್ಣ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲನ್ನು ಗಂಟು ಹಾಕುತ್ತಾಳೆ. ಕೈ ಎಷ್ಟು ನಾಜೂಕೋ ಬಾಯಿ ಅಷ್ಟೇ ಒರಟು. ವಯಸ್ಸಾದವರು ಬಂದು ದಟ್ಟ ಕಪ್ಪು ಕೂದಲು ಕೇಳಿದರೆ, "ಮುಖ ನೋಡಿ ಮಣೆ ಹಾಕೋದು ಬೇರೆಯವರ ಕೆಲ್ಸ ಕಣಮ್ಮ, ಮುಖ ನೋಡಿ ಕೂದ್ಲು ಹಾಕೋದು ನಮ್ಮ ಕೆಲ್ಸ. ಹಣೆ ಹತ್ರ ತೆಳ್ಳಗಿರ್ಲಿ, ನಾಲ್ಕು ಬಿಳಿ ಕೂದ್ಲೂ ಇರ್ಲಿ. ಆಗ್ಲೇ ನಿಜ ಅನ್ಸೋದು" ಎಂದು ಗದರುತ್ತಾಳೆ. ಆಮೇಲೆ ಪಾಠ ಬೇರೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೊಳಿ, ಉಜ್ಜಬೇಡ, ಹಿಂಡಬೇಡ, ಟವೆಲ್ಲಲ್ಲಿ ಒತ್ತು, ಒಣಗಿದ ಮೇಲೆ ತುದಿಯಿಂದ ಬಾಚು. ಅವಳ ಹೆಮ್ಮೆ ಇದ್ದದ್ದು ಮಾತ್ರ ಒಂದರಲ್ಲೇ: ಅವಳು ಕೂರಿಸಿದ ವಿಗ್ ಜಾರುತ್ತಿರಲಿಲ್ಲ. "ಗಾಳಿಗೆ ವಿಗ್ ಹಾರಿದ್ರೆ ನನ್ನ ಮಾನ ಹಾರಿದ ಹಾಗೆ" ಅನ್ನುತ್ತಿದ್ದಳು.

ನಮ್ಮ ಹಳೆಯ ಗಿರಾಕಿಗಳಲ್ಲಿ ಒಬ್ಬರು ಲೈಬ್ರರಿ ಮೇಡಂ. ಯಾವುದೋ ಕಾಯಿಲೆ ಬಂದು ತಲೆಯ ಕೂದಲೆಲ್ಲ ಉದುರಿ ಹೋಗಿತ್ತು, ಮತ್ತೆ ಹುಟ್ಟಲೇ ಇಲ್ಲ. ಮೆತ್ತಗಿನ ಮಾತಿನವರು, ಪಾಪ. ಎರಡನೇ ಮದುವೆಯಾದ ಮೇಲೆ ಅವರ ವಿಗ್ ಪದೇ ಪದೇ ರಿಪೇರಿಗೆ ಬರತೊಡಗಿತು. ಹರಿಯುತ್ತಿದ್ದದ್ದು ಒಂದೇ ಜಾಗ, ಕತ್ತಿನ ಹಿಂದೆ. ಕೂದಲು ಗಂಟು ಸಮೇತ ಕಿತ್ತು ಬಂದು, ಬಲೆಯೂ ಹರಿದಿರುತ್ತಿತ್ತು. "ಬಾಗಿಲ ಚಿಲಕಕ್ಕೆ ಸಿಕ್ಕಿಕೊಳ್ತು" ಎಂದು ಮೇಡಂ ಹೇಳುತ್ತಿದ್ದರು.

ಒಂದು ದಿನ ಅವರು ಹೋದ ಮೇಲೆ ಚಿಕ್ಕಮ್ಮ ಆ ಹರುಕನ್ನು ಬೆಳಕಿಗೆ ಹಿಡಿದು ಕೇಳಿದಳು, "ಚಿಲಕಕ್ಕೆ ಐದು ಬೆರಳು ಇರುತ್ತೇನೇ?"

ಮುಂದಿನ ಸಲ ನೇರವಾಗಿಯೇ ಮೇಡಂ ಕೈ ಹಿಡಿದು, "ಅವನು ಹೊಡೀತಾನಾ? ನಮ್ಮ ಮನೆಗೆ ಬಂದ್ಬಿಡಿ, ನಾವಿಬ್ರೂ ಇದ್ದೀವಿ" ಅಂದಳು. ಮೇಡಂ ಅಳಲಿಲ್ಲ. "ಎಲ್ಲಿದ್ರೂ ಹುಡುಕ್ಕೊಂಡು ಬರ್ತಾರೆ ಅಮ್ಮ. ಒಂದಿನ ಜನರೆದುರಿಗೇ ಇದನ್ನ ಕಿತ್ತು ಕೈಲಿ ಹಿಡ್ಕೊಂಡು ನಕ್ಕಿದ್ರು" ಎಂದಷ್ಟೇ ಹೇಳಿ ಎದ್ದರು. ಆ ಮಾತು ಚಿಕ್ಕಮ್ಮನ ಎದೆಗೆ ನಾಟಿತು. ತಾನು ಮಾಡಿಕೊಟ್ಟ ವಿಗ್ಗನ್ನೇ ಕಿತ್ತು ಒಂದು ಹೆಣ್ಣಿನ ಮಾನ ಕಳೆಯುವುದೇ? ಎಷ್ಟೋ ದಿನ ಅದನ್ನೇ ಗೊಣಗಿದಳು. ಕೊನೆಗೆ ಕಿತ್ತರೂ ಬಾರದಂಥ ವಿಗ್ ಮಾಡಿಕೊಡುತ್ತೇನೆಂದು ಕೂತಳು. ಕತ್ತಿನ ಹಿಂದೆ ಜೋಡಿ ಪಟ್ಟಿ, ಒಳಗೆ ಜಾರದಂತೆ ರಬ್ಬರಿನ ಅಂಚು, ಸುತ್ತಲೂ ಗಟ್ಟಿ ಅಂಟಿನ ಟೇಪು. ನಾನೂ ಹೂಂ ಎಂದೆ. ನಮಗಿಬ್ಬರಿಗೂ ಅದೇ ಸರಿ ಅನ್ನಿಸಿತ್ತು.

ತೊಡಿಸುವ ದಿನ ಗಂಡನೂ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಮೃದುವಾದ ದನಿ. ನಿಂತಲ್ಲೇ ಒಂದು ಮರದ ತಲೆಯ ಮೇಲೆ ಕೈಯಿಟ್ಟು ಸವರುತ್ತಿದ್ದ. ಚಿಕ್ಕಮ್ಮ ಪಟ್ಟಿ ಎಳೆದು ಕೊಕ್ಕೆ ಹಾಕುವಾಗ ಮೇಡಂ ಪಿಸುಗುಟ್ಟಿದರು, "ಸ್ವಲ್ಪ ಸಡಿಲಾನೇ ಇರ್ಲಿ ಅಮ್ಮ."

"ತಲೆ ನೋಯುತ್ತಾ?"

"ಇಲ್ಲ... ಸಡಿಲ ಇದ್ರೇ ಒಳ್ಳೇದು."

"ಬಿಗಿಯಾಗೇ ಇರ್ಲಿ ಬಿಡಿ. ಪದೇ ಪದೇ ಇಲ್ಲಿಗೆ ಬರೋದು ತಪ್ಪುತ್ತೆ" ಎಂದ ಗಂಡ.

ಮೇಡಂ ಕನ್ನಡಿಯೊಳಗಿಂದ ಚಿಕ್ಕಮ್ಮನನ್ನೇ ನೋಡುತ್ತಿದ್ದರು. ಚಿಕ್ಕಮ್ಮ ಅವರ ಹೆಗಲು ತಟ್ಟಿ, "ಹೆದರ್ಬೇಡಿ, ಇನ್ನು ಯಾರಪ್ಪ ಬಂದ್ರೂ ಬಿಚ್ಚೋಕಾಗಲ್ಲ" ಎಂದು ಟೇಪನ್ನು ಒತ್ತಿ ಕೂರಿಸಿದಳು.

ಮರುದಿನ ಬೆಳಿಗ್ಗೆ ಒಬ್ಬ ಗಿರಾಕಿಗೆ ತೋರಿಸಲೆಂದು ನಾನೊಂದು ಉದ್ದ ಕೂದಲಿನ ವಿಗ್ ಹಾಕಿಕೊಂಡಿದ್ದೆ. ಅವರು ಹೋದ ಮೇಲೆ ಕೆಳಗೆ ಬಿದ್ದ ಬಾಚಣಿಗೆ ಎತ್ತಲು ಬಗ್ಗಿದೆ, ನೋಡಿ, ತುದಿ ಟೇಬಲ್ ಫ್ಯಾನಿಗೆ ಸಿಕ್ಕಿತು. ಕಣ್ಣು ಮಿಟುಕಿಸುವುದರೊಳಗೆ ವಿಗ್ ತಲೆಯಿಂದ ಹಾರಿ ಫ್ಯಾನಿಗೆ ಸುತ್ತಿಕೊಂಡಿತು. ನಾನು ಸ್ವಿಚ್ ಆರಿಸಿ ನಗುತ್ತಾ ಕೂತುಬಿಟ್ಟೆ. "ಅಯ್ಯಬ್ಬಾ, ಸದ್ಯ ಅಂಟಿಸಿರ್ಲಿಲ್ಲ ಚಿಕ್ಕಮ್ಮ! ಅಂಟಿಸಿದ್ದಿದ್ರೆ ಕತ್ತೇ ಮುರೀತಿತ್ತು."

ಹಾಳಾದ ವಿಗ್ಗಿಗಾಗಿ ಬೈಗುಳದ ಮಳೆ ಬರುತ್ತದೆ ಅಂದುಕೊಂಡಿದ್ದೆ. ಅವಳು ಫ್ಯಾನನ್ನೇ ನೋಡುತ್ತಿದ್ದಳು.

"ಅದಕ್ಕೇ ಕಣೇ ಆಕೆ ಸಡಿಲ ಕೇಳಿದ್ದು" ಅಂದಳು. "ಅವನು ಹಿಂದಿನಿಂದ ಹಿಡಿದಾಗ ವಿಗ್ ಅವನ ಕೈಗೆ ಬರ್ತಿತ್ತು, ಆಕೆ ತಪ್ಪಿಸ್ಕೊಂಡು ಓಡ್ತಿದ್ಲು. ಅಯ್ಯೋ, ನಾನೇ ಕಟ್ಟಿಹಾಕಿ ಕೊಟ್ಬಿಟ್ನಲ್ಲೇ!"

ಬಾಗಿಲು ಹಾಕಿದೆವೋ ಇಲ್ಲವೋ ನೆನಪಿಲ್ಲ. ಅಂಟು ಬಿಡಿಸುವ ಸ್ಪಿರಿಟ್ ಬಾಟಲಿ, ಹತ್ತಿ ಹಿಡಿದು ಹೊರಟೆವು. ಲೈಬ್ರರಿಯಲ್ಲಿ ಕೇಳಿದರೆ ಮೇಡಂ ಬಂದಿಲ್ಲ. ಅಲ್ಲಿಂದ ಮನೆಗೆ. ದಾರಿಯುದ್ದಕ್ಕೂ ಚಿಕ್ಕಮ್ಮ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಓಡುತ್ತಿದ್ದಳು.

ಗಂಡನೇ ಬಾಗಿಲು ತೆರೆದ. ನಗುತ್ತಿದ್ದ. "ಬನ್ನಿ ಬನ್ನಿ. ನಿಮ್ಮ ಕೆಲ್ಸ ಅಂದ್ರೆ ಕೆಲ್ಸ ನೋಡಿ. ನಿನ್ನೆ ಎಷ್ಟು ಎಳೆದ್ರೂ ಬರ್ಲಿಲ್ಲ!"

ಒಳಗೆ ಮೇಡಂ ಕುರ್ಚಿಯಲ್ಲಿ ಕೂತಿದ್ದರು. ಕತ್ತು ಒಂದು ಕಡೆ ವಾಲಿತ್ತು. ನಮ್ಮ ಕಡೆ ತಿರುಗಲು ಇಡೀ ಮೈಯನ್ನೇ ತಿರುಗಿಸಬೇಕಾಯಿತು. ವಿಗ್ ಮಾತ್ರ ಒಂದಿಷ್ಟೂ ಅಲುಗದೆ, ಬಾಚಿದ ಹಾಗೇ ಕೂತಿತ್ತು.

"ನನ್ನಿಂದ ತಪ್ಪಾಗಿದೆ ಸಾರ್" ಎಂದಳು ಚಿಕ್ಕಮ್ಮ. ಆ ಜಂಬದ ಹೆಂಗಸು ಯಾರೆದುರಿಗೂ ಆಡದ ಮಾತು. "ಹಾಳು ಅಂಟು ಹಾಕ್ಬಿಟ್ಟಿದ್ದೀನಿ, ಚರ್ಮ ಸುಟ್ಟುಹೋಗುತ್ತೆ." ಅವನು ಹೂಂ ಅನ್ನುವ ಮೊದಲೇ ಮೇಡಂ ಹಿಂದೆ ನಿಂತು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದಳು. ಹಣೆಯಂಚು, ಕಿವಿಯ ಮೇಲೆ, ಕತ್ತು, ಹೀಗೆ ಸುತ್ತಲೂ ಟೇಪು ಬಿಡಿಸಿದಳು. ಪಟ್ಟಿಯ ಕೊಕ್ಕೆಗಳನ್ನು ಕಳಚಿದಳು. ವಿಗ್ಗನ್ನು ಮಾತ್ರ ತೆಗೆಯದೆ ಹಾಗೇ ತಲೆಯ ಮೇಲೆ ಬಿಟ್ಟಳು.

"ಅಂಗಡಿಗೆ ಬಂದು ತಲೆ ತೊಳ್ಕೋಬೇಕು ಮೇಡಂ. ಏಳಿ."

"ಇಲ್ಲೇ ತೊಳೀರಿ" ಎಂದ ಅವನು. ನಗು ಹೋಗಿತ್ತು.

ಮೇಡಂ ಎದ್ದರು. ಚಿಕ್ಕಮ್ಮನ ಮುಖವನ್ನು ಒಮ್ಮೆ ನೋಡಿ ಬಾಗಿಲ ಕಡೆ ನಡೆದರು. ಹೊಸಿಲು ದಾಟುವಾಗ ಅವನ ಕೈ ಚಾಚಿತು, ಕತ್ತಿನ ಹಿಂದೆ, ಅದೇ ಜಾಗಕ್ಕೆ. ವಿಗ್ ಸಲೀಸಾಗಿ ಅವನ ಮುಷ್ಟಿಗೆ ಬಂತು. ಮೇಡಂ ಬೋಳು ತಲೆಯಲ್ಲೇ ಮೆಟ್ಟಿಲಿಳಿದು ಓಡಿದರು, ಹಿಂದೆ ನಾವಿಬ್ಬರೂ. ಬೀದಿಯ ಜನ ನಿಂತು ನೋಡಿದರು. ನೋಡಲಿ ಬಿಡಿ!

ಮೇಡಂ ಈಗ ಈ ಊರಿನಲ್ಲಿಲ್ಲ. ಎಲ್ಲಿದ್ದಾರೆ ಎಂದು ನಾನು ಹೇಳುವುದಿಲ್ಲ. ಚಿಕ್ಕಮ್ಮನಂತೂ ಈಗ ಯಾವ ಗಿರಾಕಿ ಬಂದರೂ ಮೊದಲು "ಬಿಗಿ ಇರ್ಬೇಕಾ, ಸಡಿಲ ಇರ್ಬೇಕಾ?" ಎಂದು ಕೇಳುತ್ತಾಳೆ, ಹೇಳಿದಷ್ಟೇ ಮಾಡುತ್ತಾಳೆ.

ಮೊನ್ನೆ ಬೆಳಿಗ್ಗೆ ಅಂಗಡಿ ತೆಗೆಯಲು ಹೋದಾಗ ಅವನ ಕೈಯಲ್ಲೇ ಉಳಿದಿದ್ದ ಆ ವಿಗ್ ಷಟರ್ ಹಿಡಿಯಲ್ಲಿ ನೇತಾಡುತ್ತಿತ್ತು. ಚೆನ್ನಾಗಿ ತೊಳೆದು, ತುದಿಯಿಂದ ಬಾಚಿ, ಹಿಂದಿನ ಪಟ್ಟಿಯನ್ನು ಕಡೇ ಕೊಕ್ಕೆಗೆ ಬಿಗಿದು ಇಟ್ಟಿದ್ದ. ನಾನು ಬೀದಿಯ ಎರಡೂ ಕಡೆ ನೋಡಿದೆ. ಹಾಲಿನ ಗಾಡಿ ಬಿಟ್ಟರೆ ಯಾರೂ ಕಾಣಲಿಲ್ಲ. "ಬಿಸಾಡು ಚಿಕ್ಕಮ್ಮ, ಮುಟ್ಬೇಡ" ಎಂದೆ. ಅವಳು ಕೇಳಲಿಲ್ಲ. ಚೀಲದಿಂದ ಕತ್ತರಿ ತೆಗೆದು, ಎಲ್ಲಿಂದ ನೋಡಿದರೂ ಕಾಣುವಂತೆ ನಡುಬೀದಿಯಲ್ಲಿ ನಿಂತು, ವಿಗ್ಗನ್ನು ಎತ್ತಿ ಹಿಡಿದು ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ ಹಾಕಿದಳು.